ಮುಂಡರಗಿ ಕಡೆಯ ಹಲ್ಲಿನ ಸಮೀಕ್ಷೆ: ಬಾಯಿ ನೋಡುವ ಮೊದಲು ನೀರು ಕೇಳಿ

ದಂತವೈದ್ಯಕೀಯದ ಸ್ನಾತಕೋತ್ತರ ಪದವಿ ಎಂಡಿಎಸ್‌ನಲ್ಲಿ ಒಂಬತ್ತು ಶಾಖೆಗಳಿವೆ. ಎಂಟರಲ್ಲಿ ರೋಗಿಯೋ, ರೋಗಿಯ ಸ್ಯಾಂಪಲ್ಲೋ ಕಾಲೇಜಿಗೇ ಬರುತ್ತದೆ. ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿಯಲ್ಲಿ ಮಾತ್ರ ನಾವೇ ಊರಿಗೆ ಹೋಗಬೇಕು. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ 12 ವರ್ಷದ ಶಾಲಾ ಮಕ್ಕಳ ಡೆಂಟಲ್ ಫ್ಲೋರೋಸಿಸ್ (ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲಿನ ಮೇಲೆ ಮೂಡುವ ಬಿಳಿ-ಕಂದು ಕಲೆ) ಸಮೀಕ್ಷೆ ನಮ್ಮ ಡಿಸರ್ಟೇಶನ್ ವಿಷಯ. ಅದು ಈಗಷ್ಟೇ ಮುಗಿದು, ಬೈಂಡಿಂಗ್ ಆಗಿ ಸಲ್ಲಿಕೆಯಾಗಿದೆ. ಮುಂದಿನ ಬ್ಯಾಚಿನ ಪಿಜಿಗಳು, ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡದವರು, ಹಳ್ಳಿಯಲ್ಲಿ ಶಿಬಿರ ಮಾಡಬೇಕೆಂದಿರುವ ಸಂಘ-ಸಂಸ್ಥೆಯವರು ಇದೇ ದಾರಿಯಲ್ಲಿ ನಡೆಯುವವರು. ಅವರಿಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಾಯಿ ನೋಡುವುದು ಒಂದು ಮಗುವಿಗೆ ಕೆಲವೇ ನಿಮಿಷದ ಕೆಲಸ. ಆ ಮಗು ಹುಟ್ಟಿದಾಗಿನಿಂದ ಯಾವ ನೀರು ಕುಡಿಯಿತು ಎಂದು ತಿಳಿದುಕೊಳ್ಳುವುದೇ ನಿಜವಾದ ಸಮೀಕ್ಷೆ. ಅದು ಸರಿಯಾಗದಿದ್ದರೆ ಎಷ್ಟು ಸಾವಿರ ಹಲ್ಲು ಎಣಿಸಿದರೂ ಪ್ರಯೋಜನವಿಲ್ಲ.

ಸಿನಾಪ್ಸಿಸನ್ನು, ಎಂದರೆ ಸಂಶೋಧನೆಯ ಯೋಜನೆಯನ್ನು, ಕೋರ್ಸಿಗೆ ಸೇರಿದ ಆರು ತಿಂಗಳೊಳಗೆ ಕೊಡಬೇಕು. ಅದರಲ್ಲಿ ಎಲ್ಲರೂ ತಡವರಿಸುವುದು ಸ್ಯಾಂಪಲ್ ಸೈಜ್ ಹತ್ತಿರ. ಸೂತ್ರ ಸುಲಭದ್ದೇ: Z ವರ್ಗ × p × q, ಭಾಗಿಸು d ವರ್ಗ (Z ಎಂದರೆ ಶೇ 95ರ ಖಚಿತತೆಗೆ 1.96, p ಕಲೆ ಇರುವವರ ಪ್ರಮಾಣ, q ಇಲ್ಲದವರದು, d ತಪ್ಪಿಗೆ ಕೊಡುವ ಅವಕಾಶ). ಫ್ಲೋರೋಸಿಸ್ ಪ್ರಮಾಣ ಶೇ 50 ಎಂದು ಹಿಡಿದು, ಶೇ 5ರ ತಪ್ಪಿಗೆ ಅವಕಾಶ ಕೊಟ್ಟರೆ 384.16 ಬರುತ್ತದೆ. ಬಹಳ ಜನ ಅಲ್ಲಿಗೇ ನಿಲ್ಲುತ್ತಾರೆ. ಆದರೆ ನಾವು ಮಕ್ಕಳನ್ನು ಒಬ್ಬೊಬ್ಬರಾಗಿ ಚೀಟಿ ಎತ್ತಿ ಆರಿಸುವುದಿಲ್ಲ, ಶಾಲೆಗಳನ್ನು ಆರಿಸುತ್ತೇವೆ. ಒಂದು ಶಾಲೆಯ ಮಕ್ಕಳೆಲ್ಲ ಒಂದೇ ನೀರು ಕುಡಿದವರು, ಅವರ ಹಲ್ಲುಗಳೂ ಹೆಚ್ಚುಕಡಿಮೆ ಒಂದೇ ತರಹ. ಹಾಗಾಗಿ ಡಿಸೈನ್ ಎಫೆಕ್ಟ್ ಎಂದು ಸಂಖ್ಯೆಯನ್ನು ಇಮ್ಮಡಿಸಬೇಕು: 768. ಒಪ್ಪಿಗೆ ಪತ್ರ ತಿರುಗಿ ಬರದವರು, ಅಂದು ಗೈರಾದವರು ಎಂದು ಶೇ 10 ಮಂದಿ ಕೈಬಿಟ್ಟುಹೋಗಬಹುದೆಂದು ಹಿಡಿದು 0.9ರಿಂದ ಭಾಗಿಸಿದರೆ 854. ಸಿನಾಪ್ಸಿಸ್ ಮಂಡಿಸುವಾಗ ಹಿರಿಯರು ಕೇಳುವ ಮೊದಲ ಪ್ರಶ್ನೆಯೇ ಇದು, ‘ಕ್ಲಸ್ಟರ್ ಸ್ಯಾಂಪಲಿಂಗ್ ಅಂದಮೇಲೆ 384 ಹೆಂಗ ಆತು?’ ಉತ್ತರ ಸಿದ್ಧವಿರಲಿ.

ನಂತರ ಎಥಿಕ್ಸ್ ಕಮಿಟಿ. ಮಕ್ಕಳ ಮೇಲಿನ ಅಧ್ಯಯನವಾದ್ದರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಪಾಲಕರ ಲಿಖಿತ ಒಪ್ಪಿಗೆ ಬೇಕು, ಅದರ ಮೇಲೆ ಮಗುವಿನದೂ ಸಮ್ಮತಿ ಬೇಕು. 7ರಿಂದ 12 ವರ್ಷದವರೆಗೆ ಬಾಯಿಮಾತಿನ ಸಮ್ಮತಿ ಸಾಕು, 12ರ ಮೇಲೆ ಲಿಖಿತವಾಗಿ ಬೇಕು. ನಮ್ಮ ಮಕ್ಕಳು ಸರಿಯಾಗಿ ಆ ಗಡಿಯ ಮೇಲೇ ಕುಳಿತವರು. ಯಾವ ಮಗುವಿಗೆ ಯಾವುದು ಎಂದು ಶಾಲೆಯಲ್ಲಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಎಲ್ಲರಿಂದಲೂ ಲಿಖಿತವಾಗಿಯೇ ತೆಗೆದುಕೊಳ್ಳುವುದು ಒಳ್ಳೆಯದು. ಕಮಿಟಿ ಇನ್ನೊಂದು ಪ್ರಶ್ನೆ ಕೇಳೇ ಕೇಳುತ್ತದೆ: ಹುಳುಕೋ ಬಾವೋ ಕಂಡರೆ ಆ ಮಗುವಿಗೆ ಏನು ಮಾಡುತ್ತೀರಿ? ‘ರೆಫರ್ ಮಾಡುತ್ತೇವೆ’ ಎಂದರೆ ಸಾಲದು. ಎಲ್ಲಿಗೆ, ಯಾವ ವಿಭಾಗಕ್ಕೆ, ಖರ್ಚು ಯಾರದ್ದು ಎಂದು ಪ್ರೋಟೋಕಾಲ್‌ನಲ್ಲಿ ಬರೆದಿರಬೇಕು. ಕಮಿಟಿ ದಿನವೂ ಸೇರುವುದಿಲ್ಲ. ಒಂದು ಸಣ್ಣ ತಿದ್ದುಪಡಿಗೆ ಕಡತ ಮರಳಿದರೆ ಮುಂದಿನ ಸಭೆಯ ತನಕ ಕಾಯಬೇಕು. ಈ ಕಾಯುವಿಕೆ ಮನಸ್ಸಿಗೆ ಬಹಳ ಭಾರ, ಏಕೆಂದರೆ ಇತ್ತ ಶಾಲೆಯ ಕ್ಯಾಲೆಂಡರ್ ನಮಗಾಗಿ ನಿಲ್ಲುವುದಿಲ್ಲ.

ಒಪ್ಪಿಗೆ ಪತ್ರದ ಕನ್ನಡದ ಬಗ್ಗೆ ಕಳಕಳಿಯಿಂದ ಹೇಳುತ್ತೇನೆ. ‘ಸದರಿ ಅಧ್ಯಯನದಲ್ಲಿ ಸ್ವಯಂಪ್ರೇರಿತನಾಗಿ ಭಾಗವಹಿಸಲು ಸಮ್ಮತಿಸುತ್ತೇನೆ’ ಎಂಬ ಸಾಲನ್ನು ಓದಿದ ತಾಯಿಗೆ ಗಾಬರಿಯಾಗುತ್ತದೆಯೇ ಹೊರತು ವಿಷಯ ತಿಳಿಯುವುದಿಲ್ಲ. ಶಾಲೆಯ ಬಾಗಿಲಲ್ಲಿ ಒಬ್ಬ ತಾಯಿ ಕೇಳಿದ್ದು ಇದು: ‘ಸಹಿ ಮಾಡಿದ್ರ ಹಲ್ಲ ಕೀಳ್ತೀರೇನ್ರಿ? ಸೂಜಿ ಚುಚ್ಚೂದಿಲ್ಲ ಅಲ್ಲ?’ ಆ ಎರಡು ಪ್ರಶ್ನೆಗೆ ಉತ್ತರ ಪತ್ರದ ಮೊದಲ ಸಾಲಿನಲ್ಲೇ ಇರಬೇಕು. ‘ನಿಮ್ಮ ಮಗುವಿನ ಬಾಯಿಯನ್ನು ಸಣ್ಣ ಕನ್ನಡಿಯಿಂದ ನೋಡುತ್ತೇವೆ. ಹಲ್ಲು ಕೀಳುವುದಿಲ್ಲ. ಇಂಜೆಕ್ಷನ್ ಕೊಡುವುದಿಲ್ಲ. ಔಷಧ ಹಾಕುವುದಿಲ್ಲ. ಬೇಡ ಅನ್ನಿಸಿದರೆ ಬೇಡ ಎನ್ನಬಹುದು, ಮಗುವಿನ ಓದಿಗೆ ಏನೂ ತೊಂದರೆ ಇಲ್ಲ.’ ಇಷ್ಟು ಬರೆದರೆ ಪತ್ರಗಳು ಸಹಿಯಾಗಿ ಬರುತ್ತವೆ. ಹೆಬ್ಬೆಟ್ಟು ಒತ್ತುವ ಪಾಲಕರಿದ್ದರೆ, ಓದಿ ಹೇಳಿದ್ದಕ್ಕೆ ಒಬ್ಬ ಸಾಕ್ಷಿಯ ಸಹಿ ಬೇಕು. ಆ ಸಾಕ್ಷಿ ನಮ್ಮ ತಂಡದವರಾಗಿರಬಾರದು.

ಅನುಮತಿಯ ಸರಪಳಿ ಹೀಗಿದೆ: ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿ, ಅಲ್ಲಿಂದ ಮುಖ್ಯೋಪಾಧ್ಯಾಯರು. ಅರ್ಜಿಯ ಜೊತೆ ಕಾಲೇಜಿನ ಪತ್ರ, ಎಥಿಕ್ಸ್ ಅನುಮೋದನೆಯ ಪ್ರತಿ, ಸಮೀಕ್ಷೆಯ ನಮೂನೆ, ಒಪ್ಪಿಗೆ ಪತ್ರದ ಕನ್ನಡ ಪ್ರತಿ, ತಂಡದವರ ಗುರುತಿನ ಚೀಟಿಗಳ ಜೆರಾಕ್ಸ್, ಇಷ್ಟನ್ನು ಪ್ರತಿ ಕಚೇರಿಗೂ ಬೇರೆ ಬೇರೆ ಸೆಟ್ ಮಾಡಿ ಕೊಡಿ. ಒಂದು ಕಚೇರಿಗೆ ಕೊಟ್ಟದ್ದು ಇನ್ನೊಂದಕ್ಕೆ ತಾನಾಗಿ ಹೋಗುತ್ತದೆಂದು ನಂಬಿ ಕುಳಿತರೆ ವಾರಗಳು ಹೋಗುತ್ತವೆ. ಕೊಟ್ಟದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಜಿಲ್ಲಾ ಆರೋಗ್ಯಾಧಿಕಾರಿಗೂ ಒಂದು ಪ್ರತಿ ಕೊಟ್ಟಿದ್ದರೆ, ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮದವರ ಹತ್ತಿರ ಮೊದಲೇ ಇರುವ ಊರುಗಳ ಮಾಹಿತಿ ಸಿಗುತ್ತದೆ. ಆ ರಾಷ್ಟ್ರೀಯ ಕಾರ್ಯಕ್ರಮ 2008-09ರಲ್ಲಿ ಶುರುವಾದದ್ದು. ಇಲ್ಲಿ ನಮಗೆ ಬಹಳ ಸಹಾಯವಾದವರು ಶಿಕ್ಷಣ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ). ಯಾವ ಶಾಲೆಯಲ್ಲಿ ಆರು-ಏಳನೇ ತರಗತಿಯಲ್ಲಿ ಎಷ್ಟು ಮಕ್ಕಳು, ಯಾವ ತಾಂಡಾದ ಮಕ್ಕಳು ಎಲ್ಲಿ ಓದುತ್ತಾರೆ ಎಂಬುದು ಅವರಿಗೆ ಬಾಯಿಪಾಠ.

ಯಾವ ತಿಂಗಳು ಹೋಗಬೇಕು ಎಂಬುದಕ್ಕೆ ಸರಳ ಉತ್ತರವಿಲ್ಲ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಪರೀಕ್ಷೆ, ದಸರಾ ರಜೆ ಇವೆಲ್ಲ ಕಳೆದು ನವೆಂಬರಿನಲ್ಲಿ ಹೋದರೆ ಬೆಳಕು ಚೆನ್ನಾಗಿರುತ್ತದೆ, ಮಕ್ಕಳು ಇರುವುದಿಲ್ಲ. ಸುಗ್ಗಿ ಮುಗಿಸಿದ ಕುಟುಂಬಗಳು ಗೋವಾ, ಮಂಗಳೂರು ಕಡೆ ದುಡಿಯಲು ಗುಳೆ ಹೋಗುತ್ತವೆ, ಮಕ್ಕಳೂ ಜೊತೆಗೆ. ಬಿಟ್ಟುಹೋದ ಮಕ್ಕಳೇ ಬಡವರ ಮಕ್ಕಳಾಗಿರುವುದರಿಂದ ಅವರನ್ನು ಬಿಟ್ಟ ಸಮೀಕ್ಷೆ ಊರಿನ ಚಿತ್ರ ಕೊಡುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಜುಲೈ-ಆಗಸ್ಟ್ ಉತ್ತಮ. ಮೋಡದ ದಿನ ಕೋಣೆ ಕತ್ತಲಾದರೆ ಪರೀಕ್ಷೆಯನ್ನು ಜಗುಲಿಗೆ ತರಬೇಕಷ್ಟೆ.

ಈಗ ನೀರಿನ ವಿಷಯ.

ಗದಗ-ಮುಂಡರಗಿ ಭಾಗದ ನೆಲದಡಿ ಗ್ರಾನೈಟ್, ನೈಸ್, ಶಿಸ್ಟ್ ಬಂಡೆಗಳಿವೆ. ಆ ಬಂಡೆಯ ಖನಿಜಗಳಲ್ಲಿರುವ ಫ್ಲೋರೈಡ್ ನಿಧಾನವಾಗಿ ನೀರಿಗೆ ಇಳಿಯುತ್ತದೆ. ನೀರು ಬಂಡೆಯ ಸಂದಿನಲ್ಲಿ ಹೆಚ್ಚು ಕಾಲ ನಿಂತಷ್ಟೂ, ಅದರಲ್ಲಿ ಬೈಕಾರ್ಬೊನೇಟ್ ಹೆಚ್ಚಾಗಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡ್ ಏರುತ್ತದೆ. ಅದಕ್ಕೇ ಒಂದೇ ಊರಿನ ಎರಡು ಬೋರ್‌ವೆಲ್‌ಗಳಲ್ಲಿ ಅಜಗಜಾಂತರ ಕಾಣಬಹುದು. ‘ಈ ಊರಿನ ಫ್ಲೋರೈಡ್ ಇಷ್ಟು’ ಎಂದು ಒಂದೇ ಅಂಕಿ ಬರೆದುಬಿಡುವುದು ತಪ್ಪು. ಕುಡಿಯುವ ನೀರಿಗೆ ಭಾರತೀಯ ಮಾನಕ (ಐಎಸ್ 10500:2012) ಒಪ್ಪುವ ಮಿತಿ ಲೀಟರಿಗೆ 1.0 ಮಿಲಿಗ್ರಾಂ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ. ನಾವು ಊರುಗಳನ್ನು 1ಕ್ಕಿಂತ ಕಡಿಮೆ, 1ರಿಂದ 1.5, ಅದಕ್ಕಿಂತ ಹೆಚ್ಚು ಎಂದು ಮೂರು ಗುಂಪು ಮಾಡಿಕೊಂಡೆವು.

ತೊಡಕು ಇರುವುದು ಕಾಲದಲ್ಲಿ. ಮೇಲಿನ ಮುಂಬಾಚಿ ಹಲ್ಲಿನ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮಗುವಿಗೆ ಮೂರು-ನಾಲ್ಕು ತಿಂಗಳಿದ್ದಾಗ ಕಟ್ಟಲು ಶುರುವಾಗಿ ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ. ಎರಡನೇ ದವಡೆ ಹಲ್ಲಿನದು ಏಳೆಂಟು ವರ್ಷದ ತನಕ. ಎಂದರೆ ಇವತ್ತು 12 ವರ್ಷದ ಹುಡುಗಿಯ ಮುಂದಿನ ಹಲ್ಲಿನ ಮೇಲೆ ಬರೆದಿರುವುದು ಏಳರಿಂದ ಹನ್ನೆರಡು ವರ್ಷದ ಹಿಂದಿನ ನೀರು. ಇವತ್ತಿನ ನಲ್ಲಿಯ ನೀರು ತುಂಬಿ ಪರೀಕ್ಷೆಗೆ ಕಳಿಸಿದರೆ ಅದು ಈ ಹಲ್ಲಿನ ನೀರಲ್ಲ. ಈ ನಡುವೆ ತುಂಗಭದ್ರೆಯ ನೀರು ತರುವ ಬಹುಗ್ರಾಮ ಯೋಜನೆ ಊರು ಮುಟ್ಟಿರಬಹುದು, ಶುದ್ಧ ನೀರಿನ ಘಟಕ ಬಂದಿರಬಹುದು, ಹಳೆಯ ಬೋರ್ ಬತ್ತಿರಬಹುದು. ‘ಫ್ಲೋರೈಡ್ 0.4, ಹಲ್ಲು ತೀರಾ ಕೆಟ್ಟಿವೆ’ ಎಂಬ ವಿಚಿತ್ರ ಫಲಿತಾಂಶ ಬಂದರೆ ಬಹುಪಾಲು ಕಾರಣ ಇದೇ.

ಇದಕ್ಕೆ ಉತ್ತರ ಕೊಡಬಲ್ಲವರು ಗ್ರಾಮ ಪಂಚಾಯಿತಿಯ ವಾಟರ್‌ಮನ್. ಪಿಡಿಒ ಕಚೇರಿಯಲ್ಲಿ ಬೋರ್‌ವೆಲ್‌ಗಳ ಪಟ್ಟಿ ಸಿಗುತ್ತದೆ, ಆದರೆ ಯಾವ ಓಣಿಗೆ ಯಾವ ಬೋರಿನಿಂದ ಯಾವಾಗಿನಿಂದ ನೀರು ಎಂಬುದು ಕಾಗದದಲ್ಲಿಲ್ಲ. ಒಂದು ಊರಿನ ವಾಟರ್‌ಮನ್ ಟ್ಯಾಂಕಿನ ಕೆಳಗೆ ನಿಂತು ಹೇಳಿದ್ದು: ‘ಇದು ಹೊಸಾ ಬೋರ್ ರೀ ಸರ, ನಾಕೈದು ವರ್ಷ ಆತು ಹಾಕಿ. ಅದಕ್ಕಿಂತ ಮೊದ್ಲ ಎಲ್ಲಾರೂ ಗುಡಿ ಹಿಂದಿನ ಬೋರಿನ ನೀರ ಕುಡೀತಿದ್ರು. ಅದು ಉಪ್ಪ ನೀರು, ಕಡೀಕ ಬತ್ತೇ ಹೋತು.’ ಈ ಒಂದು ಮಾತಿನಿಂದ ಆ ಊರಿನ ಲೆಕ್ಕವೇ ಬದಲಾಯಿತು. ಬತ್ತಿದ ಬೋರಿನ ನೀರು ಈಗ ಸಿಗದು, ಆದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಹಳೆಯ ಪರೀಕ್ಷೆಯ ದಾಖಲೆ ಇರಬಹುದು. ಅದಕ್ಕೂ ಒಂದು ಪತ್ರ ಬರೆದಿಡಿ. ದಾಖಲೆಯೂ ಸಿಗದ ಊರನ್ನು ‘ಮೂಲ ಬದಲಾಗಿದೆ’ ಎಂದು ಬೇರೆ ಗುಂಪಿಗೆ ಹಾಕಿ. ಅಂದಾಜಿನ ಅಂಕಿ ತುಂಬಬೇಡಿ.

ನೀರು ತುಂಬುವ ಕ್ರಮವೂ ಮುಖ್ಯ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಡನೆ ವರ್ತಿಸುತ್ತದೆ. ಪಾಲಿಥಿನ್ ಬಾಟಲಿ, ಅರ್ಧ ಲೀಟರಿನದು ಸಾಕು. ಮೋಟಾರು ಐದು ನಿಮಿಷ ಓಡಿದ ಮೇಲೆ, ಅದೇ ನೀರಿನಿಂದ ಬಾಟಲಿಯನ್ನು ಎರಡು-ಮೂರು ಸಲ ತೊಳೆದು, ಗಾಳಿ ಉಳಿಯದಂತೆ ತುಂಬಬೇಕು. ಚೀಟಿಯನ್ನು ಮುಚ್ಚಳಕ್ಕೆ ಅಂಟಿಸಬೇಡಿ, ಮುಚ್ಚಳಗಳು ಅದಲುಬದಲಾಗುತ್ತವೆ. ಬಾಟಲಿಯ ಮೈಗೇ ಅಂಟಿಸಿ. ಸಂರಕ್ಷಕ ಏನೂ ಹಾಕಬೇಕಿಲ್ಲ, 28 ದಿನದೊಳಗೆ ಪರೀಕ್ಷೆಯಾದರೆ ಸಾಕು. ಪ್ರಯೋಗಾಲಯದಲ್ಲಿ ಫ್ಲೋರೈಡ್ ಇಲೆಕ್ಟ್ರೋಡ್ ಇದ್ದರೆ ಅದನ್ನೇ ಕೇಳಿ. ನೀರಿಗೆ ಟೈಸಾಬ್ ಎಂಬ ಬಫರ್ ದ್ರಾವಣವನ್ನು ಸಮಪ್ರಮಾಣದಲ್ಲಿ ಬೆರೆಸಿ ಅಳೆಯುತ್ತಾರೆ. ಅಲ್ಯುಮಿನಿಯಂ, ಕಬ್ಬಿಣ ಹಿಡಿದಿಟ್ಟ ಫ್ಲೋರೈಡೂ ಆಗ ಲೆಕ್ಕಕ್ಕೆ ಸಿಗುತ್ತದೆ. ಬಣ್ಣ ನೋಡಿ ಅಳೆಯುವ ವಿಧಾನದಲ್ಲಿ, ಪಟಿಕ ಹಾಕಿದ ನೀರಾದರೆ ಅಂಕಿ ಕಡಿಮೆ ತೋರುತ್ತದೆ.

ಮಗುವಿನ ವಾಸದ ಚರಿತ್ರೆ ಶಾಲೆಯಲ್ಲಿ ಸಿಗುವುದಿಲ್ಲ, ಅಂಗನವಾಡಿಯಲ್ಲಿ ಸಿಗುತ್ತದೆ. ಯಾವ ಮನೆಯವರು ಯಾವ ವರ್ಷ ಗುಳೆ ಹೋಗಿದ್ದರು, ಯಾವ ಮಗು ಅಜ್ಜಿಯ ಊರಲ್ಲಿ ಬೆಳೆಯಿತು ಎಂಬುದು ಅಂಗನವಾಡಿ ಕಾರ್ಯಕರ್ತೆಗೆ ನೆನಪಿರುತ್ತದೆ, ಹಾಜರಿಯಲ್ಲೂ ಇರುತ್ತದೆ. ಚೊಚ್ಚಲ ಹೆರಿಗೆಗೆ ತಾಯಿ ತವರಿಗೆ ಹೋಗಿ ಐದು ತಿಂಗಳು ಇದ್ದುಬಂದರೆ ಮುಂಬಾಚಿ ಹಲ್ಲಿನ ಲೆಕ್ಕಕ್ಕೆ ಅಷ್ಟು ವ್ಯತ್ಯಾಸವಾಗದು. ವರ್ಷಗಟ್ಟಲೆ ಅಲ್ಲೇ ಇದ್ದರೆ ಆ ಮಗುವನ್ನು ಸಮೀಕ್ಷೆಯಿಂದ ಬಿಡಬೇಕು. ಪಾಲಕರ ಪ್ರಶ್ನಾವಳಿಯಲ್ಲಿ ಇನ್ನೆರಡು ಪ್ರಶ್ನೆ ಇರಲಿ. ಕುಡಿಯುವುದು ಘಟಕದ ನೀರಾದರೂ ಅಡಿಗೆಗೆ ಯಾವ ನೀರು? ಬೇಳೆ, ಅನ್ನ ಬೆಂದ ನೀರಿನ ಫ್ಲೋರೈಡೂ ಹೊಟ್ಟೆಗೇ ಹೋಗುತ್ತದೆ, ಕುದಿಸಿದರೆ ಅದು ಕಡಿಮೆಯಾಗುವುದಿಲ್ಲ. ಮಗು ಎಷ್ಟನೇ ವಯಸ್ಸಿಗೆ ಚಹಾ ಶುರುಮಾಡಿತು? ನಮ್ಮ ಕಡೆ ಎರಡು ವರ್ಷದ ಕೂಸಿಗೂ ಬಟ್ಟಲಲ್ಲಿ ಚಹಾ ಹಾಕಿ ಕೊಡುವ ರೂಢಿ ಇದೆ, ಚಹಾ ಸೊಪ್ಪಿನಲ್ಲೇ ಫ್ಲೋರೈಡ್ ಇದೆ.

ವಯಸ್ಸಿನದ್ದೂ ಒಂದು ಮಾತು. ಸಮೀಕ್ಷೆಯಲ್ಲಿ 12 ಎಂದರೆ 12 ತುಂಬಿ 13 ಆಗದವರು. ಶಾಲೆಯ ದಾಖಲೆಯಲ್ಲಿ ಸಾಲಾಗಿ ಜೂನ್ 1 ಎಂದು ಹುಟ್ಟಿದ ದಿನ ಕಂಡರೆ ಅನುಮಾನಿಸಿ, ಅದು ದಾಖಲಾತಿಗಾಗಿ ಬರೆದ ತಾರೀಖು. ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ತರಿಸಿ ನೋಡಿ.

ಬಾಯಿ ನೋಡಲು ಹೊರಡುವ ಮೊದಲು ಕ್ಯಾಲಿಬ್ರೇಶನ್ ಆಗಬೇಕು. ಅನುಭವಿ ಪರೀಕ್ಷಕರೊಬ್ಬರ ಜೊತೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ನೋಡಿ, ಕಲೆಯ ಮಟ್ಟಕ್ಕೆ ಇಬ್ಬರೂ ಕೊಟ್ಟ ಕೋಡ್‌ಗಳನ್ನು ಹೋಲಿಸಿ ಕಪ್ಪಾ (ಇಬ್ಬರ ಹೊಂದಾಣಿಕೆಯ ಅಳತೆ) ಲೆಕ್ಕ ಹಾಕುವುದು. 0.8 ದಾಟಿದರೆ ಹೊರಡಬಹುದು. ಎಲ್ಲರೂ ಜಗಳಾಡುವುದು ಒಂದೇ ಜಾಗದಲ್ಲಿ: ‘ಸಂಶಯಾಸ್ಪದ’ ಮತ್ತು ‘ಅತಿ ಸೌಮ್ಯ’ದ ನಡುವೆ. ಒಂದೆರಡು ಬಿಳಿ ಚುಕ್ಕೆ ಇದ್ದು, ಸಹಜ ಅನ್ನಲೂ ಆಗದು, ಫ್ಲೋರೋಸಿಸ್ ಅನ್ನಲೂ ಆಗದು ಎಂದರೆ ಸಂಶಯಾಸ್ಪದ. ಕಾಗದದಂತೆ ಬಿಳಿಯಾದ ಭಾಗ ಹಲ್ಲಿನ ಮೇಲ್ಮೈಯ ಕಾಲುಭಾಗಕ್ಕಿಂತ ಕಡಿಮೆ ಹರಡಿದ್ದರೆ ಅತಿ ಸೌಮ್ಯ. ಅರ್ಧಕ್ಕಿಂತ ಕಡಿಮೆ ಇದ್ದರೆ ಸೌಮ್ಯ. ಮೇಲ್ಮೈ ಪೂರ್ತಿ ಆವರಿಸಿ, ಸವೆದು, ಕಂದು ಕಲೆಯೂ ಇದ್ದರೆ ಮಧ್ಯಮ. ಎನಾಮಲ್ಲೇ ಕುಳಿಬಿದ್ದು ಹಲ್ಲಿನ ಆಕಾರ ಕೆಟ್ಟಿದ್ದರೆ ತೀವ್ರ. ಫ್ಲೋರೋಸಿಸ್ ಅಳೆಯುವ ಈ ಮಟ್ಟಗಳೇ ಡೀನ್ ಸೂಚ್ಯಂಕ. ಕಂದು ಬಣ್ಣ ಕಂಡ ಕೂಡಲೇ ‘ತೀವ್ರ’ ಎಂದು ಬರೆಯುವುದು ಹೊಸಬರ ಅಭ್ಯಾಸ. ಬಣ್ಣಕ್ಕಲ್ಲ, ಕುಳಿಗೆ ಆ ಕೋಡ್. ಎರಡು ಕೋಡ್‌ಗಳ ನಡುವೆ ಮನಸ್ಸು ತೂಗಾಡಿದರೆ ಕಡಿಮೆಯದನ್ನೇ ಬರೆಯಬೇಕು.

ಕಪ್ಪಾ ಒಂದು ಸಲ ಬಂದರೆ ಮುಗಿಯಲಿಲ್ಲ. ಸಮೀಕ್ಷೆಯ ನಡುವೆಯೂ ಶೇ 5ರಿಂದ 10ರಷ್ಟು ಮಕ್ಕಳನ್ನು ಮತ್ತೆ ನೋಡಿ ಹೊಂದಾಣಿಕೆ ಪರಿಶೀಲಿಸಬೇಕು. ತಿಂಗಳುಗಟ್ಟಲೆ ಕೆಟ್ಟ ಹಲ್ಲುಗಳನ್ನೇ ನೋಡಿದ ಕಣ್ಣಿಗೆ ಸೌಮ್ಯವಾದದ್ದು ಸಹಜವೆಂದು ಕಾಣತೊಡಗುತ್ತದೆ, ಅದಕ್ಕೆ ಈ ಎಚ್ಚರ.

ಸಾಮಾನು. 854 ಮಕ್ಕಳಿಗೆ ಅಷ್ಟೇ ಜೊತೆ ಗ್ಲೌಸ್. ಪೆಟ್ಟಿಗೆಯಲ್ಲಿ 100 ಎಂದರೆ 50 ಜೊತೆ, ಹಾಗಾಗಿ 18 ಪೆಟ್ಟಿಗೆ. ಹರಿದುಹೋಗುವುದನ್ನು ಸೇರಿಸಿ 20 ಕೊಳ್ಳಿ. ಒಪ್ಪಿಗೆ ಪತ್ರ, ಮಾಹಿತಿ ಪತ್ರ, ಪ್ರಶ್ನಾವಳಿ, ಪರೀಕ್ಷಾ ನಮೂನೆ ಎಂದು ಮಗುವಿಗೆ ನಾಲ್ಕು ಹಾಳೆಯಾದರೂ 3,400 ದಾಟುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಒಟ್ಟಿಗೆ ಮಾತಾಡಿದರೆ ದರ ಇಳಿಸುತ್ತಾರೆ. ಮೌತ್ ಮಿರರ್, ಸಿಪಿಐ ಪ್ರೋಬ್ (ಒಸಡು ಪರೀಕ್ಷಿಸುವ ಕಡ್ಡಿ) ಒಬ್ಬ ಪರೀಕ್ಷಕನಿಗೆ ಕನಿಷ್ಠ 30-30 ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾವು ಕಂಡಂತೆ ಅಂದಿನ ಮಕ್ಕಳ ಸಂಖ್ಯೆಗಿಂತ ಹತ್ತು ಹೆಚ್ಚು ಸೆಟ್‌ಗಳನ್ನು ಆಟೋಕ್ಲೇವ್ ಮಾಡಿ ಪೌಚಿನಲ್ಲಿ ಒಯ್ಯುವುದೇ ನೆಮ್ಮದಿ. ಶೇ 2ರ ಗ್ಲುಟರಾಲ್ಡಿಹೈಡ್‌ನಲ್ಲಿ ಇಪ್ಪತ್ತು ನಿಮಿಷ ಅದ್ದಿ ಮುಂದಿನ ಮಗುವಿಗೆ ಬಳಸುವುದು ಸೋಂಕುನಿವಾರಣೆಯಷ್ಟೇ, ಸ್ಟೆರಿಲೈಸೇಶನ್ ಅಲ್ಲ. ಅದಕ್ಕೆ ಹತ್ತು ತಾಸು ಬೇಕು. ಬಳಸಿದ ಗ್ಲೌಸ್ ಕೆಂಪು ಚೀಲಕ್ಕೆ, ಮಾಸ್ಕ್-ಹತ್ತಿ ಹಳದಿ ಚೀಲಕ್ಕೆ ಹಾಕಿ ವಾಪಸ್ ಕಾಲೇಜಿಗೇ ತರಬೇಕು. ಶಾಲೆಯ ಹಿಂದೆ ಸುಡುವ ಮಾತೇ ಇಲ್ಲ. ಇಷ್ಟೆಲ್ಲದರಲ್ಲಿ ದೊಡ್ಡ ಖರ್ಚು ಯಾವುದೆಂದರೆ ಗಾಡಿ ಬಾಡಿಗೆ. ಹುಬ್ಬಳ್ಳಿಯಿಂದ ಮುಂಡರಗಿ ನೂರು ಕಿಲೋಮೀಟರಿನ ಹತ್ತಿರ, ಹಳ್ಳಿಗಳು ಇನ್ನೂ ಆಚೆ. ಒಂದೇ ದಿಕ್ಕಿನ ಶಾಲೆಗಳನ್ನು ಒಂದೇ ದಿನಕ್ಕೆ ಜೋಡಿಸಿಕೊಂಡರೆ ಗಣನೀಯ ಉಳಿತಾಯ.

ಶಾಲೆಯಲ್ಲಿ ಕುರ್ಚಿಯನ್ನು ಬೆಳಕು ಮಗುವಿನ ಬಾಯಿಗೆ ಬೀಳುವಂತೆ, ನೇರ ಬಿಸಿಲು ತಾಗದಂತೆ ಇಡಬೇಕು. ಕೋಡ್ ಬರೆದುಕೊಳ್ಳುವವರು ಪಕ್ಕದಲ್ಲೇ ಕೂರಬೇಕು, ಹೇಳಿದ್ದನ್ನು ಅವರು ಮರಳಿ ಹೇಳಬೇಕು. ತರಗತಿಯ ಗದ್ದಲದಲ್ಲಿ ಒಂದು ಕೋಡ್ ಬದಲಿಗೆ ಇನ್ನೊಂದು ಬರೆದರೆ ಆಮೇಲೆ ತಿಳಿಯುವುದೇ ಇಲ್ಲ. ಬೆಳಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ. ಎರಡೂ ಆದಮೇಲೆ ಬಾಯಿ ಮುಕ್ಕಳಿಸಿ ಬರಲು ಹೇಳಿ. ದಿನಕ್ಕೆ ಐವತ್ತು ಮಕ್ಕಳ ಮೇಲೆ ಹೋಗಬೇಡಿ. ಮಧ್ಯಾಹ್ನ ಮೂರರ ನಂತರ ನೋಡಿದವರ ಕೋಡ್‌ಗಳಲ್ಲಿ ದಣಿವು ಕಾಣಿಸುತ್ತದೆ.

ಹಲ್ಲನ್ನು ಹತ್ತಿರದಿಂದ ಹೀಗೆ ನೋಡುವುದು. ತುಟಿಯನ್ನು ಕನ್ನಡಿಯಿಂದ ಎತ್ತಿ, ಮೇಲಿನ ಮುಂಬಾಚಿ ಹಲ್ಲುಗಳನ್ನು ಓರೆ ಬೆಳಕಿನಲ್ಲಿ ಗಮನಿಸಿ. ಡೀನ್ ಸೂಚ್ಯಂಕಕ್ಕೆ ಹಲ್ಲನ್ನು ಒಣಗಿಸಬಾರದು. ಒಣಗಿದರೆ ಬಿಳಿ ಇನ್ನಷ್ಟು ಎದ್ದು ಕಂಡು ಕೋಡ್ ಏರುತ್ತದೆ. ಫ್ಲೋರೋಸಿಸ್ ಆದರೆ ಎಡಬಲದ ಜೋಡಿ ಹಲ್ಲುಗಳೆರಡರಲ್ಲೂ ಇರುತ್ತದೆ. ಬಿಳಿ ಗೆರೆಗಳು ಹಲ್ಲಿನ ಅಡ್ಡಕ್ಕೆ ಸಾಗಿ, ಅಂಚು ಎಲ್ಲಿ ಮುಗಿಯಿತೆಂದು ತಿಳಿಯದಂತೆ ಸುತ್ತಲಿನ ಎನಾಮಲ್ಲಿನಲ್ಲಿ ಕರಗಿಹೋಗುತ್ತವೆ. ಒಂದೇ ಹಲ್ಲಿನ ನಡುವೆ ದುಂಡಗಿನ, ಅಂಚು ಸ್ಪಷ್ಟವಾದ ಬಿಳಿ ಅಥವಾ ಹಳದಿ ಮಚ್ಚೆಯಿದ್ದರೆ ಅದು ಫ್ಲೋರೈಡಿನದಲ್ಲ; ಹಾಲು ಹಲ್ಲಿಗೆ ಬಿದ್ದ ಪೆಟ್ಟೋ, ಬೇರಿನ ಬಾವೋ ಕಾರಣವಿರಬಹುದು. ಗುಟ್ಕಾ, ಅಡಿಕೆಯ ಕಲೆಯಾದರೆ ಒಸಡಿನ ಅಂಚಿಗೆ, ಹಲ್ಲಿನ ಸಂದಿಗೆ ಸೇರಿಕೊಂಡಿರುತ್ತದೆ. ಹೆಚ್ಚು ಬಾಧಿತವಾದ ಎರಡು ಹಲ್ಲು ಆರಿಸಿ. ಎರಡೂ ಒಂದೇ ಮಟ್ಟದಲ್ಲಿಲ್ಲದಿದ್ದರೆ ಕಡಿಮೆ ಬಾಧಿತವಾದದ್ದರ ಕೋಡ್ ಆ ಮಗುವಿನದು.

ಹನ್ನೆರಡರ ಹುಡುಗಿಯರು ಕೈ ಅಡ್ಡ ಹಿಡಿದು ನಗುತ್ತಾರೆ. ಕೋಡನ್ನು ಎಲ್ಲರೆದುರು ಹೆಸರಿಟ್ಟು ಹೇಳಬೇಡಿ, ಸಂಖ್ಯೆಯಲ್ಲೇ ಹೇಳಿ. ‘ನೀ ಹಲ್ಲ ತಿಕ್ಕೂದಿಲ್ಲೇನು’ ಎಂದು ಮನೆಯಲ್ಲಿ ಬೈಸಿಕೊಂಡ ಮಕ್ಕಳಿವು. ಇದು ತಿಕ್ಕದೆ ಬಂದದ್ದಲ್ಲ, ನೀರಿನಿಂದ ಬಂದದ್ದು ಎಂದು ಶಿಕ್ಷಕರೆದುರೇ ಹೇಳಿದಾಗ ಆ ಮುಖಗಳು ಬದಲಾಗುವುದನ್ನು ನೋಡಬೇಕು. ನಿಂಬೆಹಣ್ಣು, ಇದ್ದಿಲು, ಉಪ್ಪು ಹಾಕಿ ಉಜ್ಜಬೇಡಿ, ಕಲೆ ಹೋಗದೆ ಎನಾಮಲ್ ಮಾತ್ರ ಸವೆಯುತ್ತದೆ ಎಂದೂ ಅಲ್ಲೇ ಹೇಳಿ.

ರೆಫರಲ್ ಚೀಟಿಯಲ್ಲಿ ‘ದಂತ ವೈದ್ಯರನ್ನು ಕಾಣಿ’ ಎಂದಷ್ಟೇ ಬರೆದರೆ ಪಾಲಕರು ದೊಡ್ಡ ಕಾಲೇಜಿನಲ್ಲಿ ಕೋಣೆಯಿಂದ ಕೋಣೆಗೆ ಅಲೆಯುತ್ತಾರೆ. ಒಬ್ಬ ತಂದೆ ಕೇಳಿಯೇಬಿಟ್ಟರು, ‘ಹಲ್ಲಿನ ಡಾಕ್ಟರೊಳಗೂ ಜಾತಿ ಇರ್ತಾವೇನ್ರಿ?’ ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಹೆಸರು ನೋಂದಾಯಿಸಿದ ಮೇಲೆ ಸಾಮಾನ್ಯವಾಗಿ ಮೊದಲು ಕಳಿಸುವುದು ಓರಲ್ ಮೆಡಿಸಿನ್ ಮತ್ತು ರೇಡಿಯಾಲಜಿಗೆ. ಕೇಸ್ ಪೇಪರ್ ಬರೆದು ಎಕ್ಸ್‌ರೇ ತೆಗೆದು ಮುಂದೆ ಯಾರ ಹತ್ತಿರ ಎಂದು ತೀರ್ಮಾನಿಸುವವರು ಅವರು. ಬಾಯಿ ಪೂರ್ತಿ ತೆರೆಯಲಾಗದವರು, ಕೆನ್ನೆಯೊಳಗೆ ಬಿಳಿ ಮಚ್ಚೆ ಇರುವವರು ಅಲ್ಲೇ ಉಳಿಯುತ್ತಾರೆ. ಮಕ್ಕಳ ಹಾಲು ಹಲ್ಲಿನ ಹುಳುಕು, ಬಾವು ಪೀಡೋಡಾಂಟಿಕ್ಸ್. ಕಾಯಂ ಹಲ್ಲಿನ ಫಿಲ್ಲಿಂಗ್, ರೂಟ್ ಕೆನಾಲ್, ಫ್ಲೋರೋಸಿಸ್ ಕಲೆಯ ಚಿಕಿತ್ಸೆ ಕನ್ಸರ್ವೇಟಿವ್ ಡೆಂಟಿಸ್ಟ್ರಿ. ವಕ್ರ ಹಲ್ಲಿಗೆ ಆರ್ಥೋಡಾಂಟಿಕ್ಸ್, ಒಸಡಿನ ರಕ್ತಕ್ಕೆ ಪೆರಿಯೋಡಾಂಟಿಕ್ಸ್, ಹಲ್ಲು ಕಟ್ಟಿಸಲು ಪ್ರಾಸ್ಥೋಡಾಂಟಿಕ್ಸ್, ಹುದುಗಿದ ಹಲ್ಲು ತೆಗೆಯಲು, ದವಡೆ ಮುರಿದರೆ ಓರಲ್ ಸರ್ಜರಿ. ಓರಲ್ ಪೆಥಾಲಜಿಯವರು ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವವರು. ಒಂಬತ್ತನೆಯವರು ನಾವು, ನಿಮ್ಮ ಶಾಲೆಗೆ ಬಂದವರು.

ಕಲೆಯ ಚಿಕಿತ್ಸೆಯ ಬಗ್ಗೆ ಪಾಲಕರಿಗೆ ದುಡುಕಿ ಭರವಸೆ ಕೊಡಬೇಡಿ. ಮೇಲ್ಪದರದ ಕಂದು ಕಲೆಯಾದರೆ ಮೈಕ್ರೋಅಬ್ರೇಶನ್ ಎಂದು ಆಮ್ಲ ಬೆರೆತ ಪೇಸ್ಟಿನಿಂದ ಎನಾಮಲ್ಲಿನ ಕೂದಲೆಳೆಯಷ್ಟು ಪದರ ತೆಗೆದರೆ ಬಹಳ ಚೆನ್ನಾಗಿ ಹೋಗುತ್ತದೆ. ಕುಳಿ ಬಿದ್ದಿದ್ದರೆ ಕಾಂಪೋಸಿಟ್ ತುಂಬಬೇಕು. ಪೋರ್ಸಲೀನ್ ವಿನಿಯರ್ ಈ ವಯಸ್ಸಿಗೆ ಬೇಡ, ಒಸಡು ಇನ್ನೂ ತನ್ನ ಜಾಗಕ್ಕೆ ನಿಂತಿರುವುದಿಲ್ಲ.

ಡೇಟಾ ಎಂಟ್ರಿಯಲ್ಲಿ ಒಂದು ಅಪಾಯವಿದೆ, ಇದನ್ನು ಬಹಳ ಪ್ರಬಂಧಗಳಲ್ಲಿ ಎಡವುತ್ತಾರೆ. ನಮೂನೆಯಲ್ಲಿ ಕೋಡ್‌ಗಳು 0ಯಿಂದ 5. ಸಮುದಾಯ ಫ್ಲೋರೋಸಿಸ್ ಸೂಚ್ಯಂಕಕ್ಕೆ ಕೊಡಬೇಕಾದ ತೂಕ ಬೇರೆ: ಸಹಜ 0, ಸಂಶಯಾಸ್ಪದ 0.5, ಅತಿ ಸೌಮ್ಯ 1, ಸೌಮ್ಯ 2, ಮಧ್ಯಮ 3, ತೀವ್ರ 4. ಉದಾಹರಣೆಗೆ 100 ಮಕ್ಕಳಲ್ಲಿ ಕ್ರಮವಾಗಿ 40, 20, 15, 15, 7, 3 ಇದ್ದಾರೆ ಎನ್ನಿ. ತೂಕದಿಂದ ಗುಣಿಸಿದರೆ 10+15+30+21+12, ಒಟ್ಟು 88, ಸೂಚ್ಯಂಕ 0.88. ಕೋಡನ್ನೇ ತೂಕವೆಂದು ಗುಣಿಸಿದರೆ 1.38 ಬರುತ್ತದೆ. 0.6 ದಾಟಿದರೆ ಸಾರ್ವಜನಿಕ ಆರೋಗ್ಯದ ಸಮಸ್ಯೆ. 1ರ ತನಕ ‘ಅಲ್ಪ’, 1ರಿಂದ 2 ‘ಮಧ್ಯಮ’. ಒಂದು ಅಂಕಣದ ತಪ್ಪಿನಿಂದ ಊರಿನ ವರ್ಗವೇ ಬದಲಾಗಿಬಿಡುತ್ತದೆ. ಸಂಖ್ಯಾಶಾಸ್ತ್ರಜ್ಞರಿಗೆ ಕಳಿಸುವ ಮೊದಲು ಒಂದು ಶಾಲೆಯ ಲೆಕ್ಕವನ್ನು ಕೈಯಾರೆ ಮಾಡಿ ನೋಡಿ.

ಪ್ರಬಂಧ ಸಲ್ಲಿಸಿದರೆ ನಮ್ಮ ಪರೀಕ್ಷೆಗೆ ಸಾಕು, ಊರಿಗೆ ಸಾಲದು. ಪ್ರತಿ ಊರಿಗೆ ಕನ್ನಡದಲ್ಲಿ ಒಂದು ಪುಟದ ವರದಿ ಮಾಡಿ: ಯಾವ ಬೋರಿನಲ್ಲಿ ಎಷ್ಟು ಫ್ಲೋರೈಡ್, ನೂರರಲ್ಲಿ ಎಷ್ಟು ಮಕ್ಕಳಿಗೆ ಕಲೆ. ಮಕ್ಕಳ ಹೆಸರು ಬೇಡ. ಒಂದು ಪ್ರತಿ ಮುಖ್ಯೋಪಾಧ್ಯಾಯರಿಗೆ, ಒಂದು ಪಿಡಿಒಗೆ, ಒಂದು ಕುಡಿಯುವ ನೀರು ಇಲಾಖೆಗೆ, ಒಂದು ಅಂಗನವಾಡಿಗೆ. ಅಂಗನವಾಡಿಯ ಪ್ರತಿ ಎಲ್ಲಕ್ಕಿಂತ ಮುಖ್ಯ. ಹನ್ನೆರಡರ ಹುಡುಗಿಯ ಎನಾಮಲ್ ಕಟ್ಟಿ ಮುಗಿದಿದೆ, ಅವಳ ಎರಡು ವರ್ಷದ ತಮ್ಮನದು ಈಗ ಕಟ್ಟುತ್ತಿದೆ. ಕುಡಿಯಲು ಮತ್ತು ಅಡಿಗೆಗೆ ಎರಡಕ್ಕೂ ನದಿಯ ನೀರು ಅಥವಾ ಘಟಕದ ನೀರು, ಐದು ವರ್ಷದೊಳಗಿನವರಿಗೆ ಚಹಾ ಬೇಡ ಎಂಬ ಎರಡು ಸಾಲನ್ನು ಆ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿಸಿ. ಘಟಕದ ಪೊರೆ ಹಳತಾದರೆ ಫ್ಲೋರೈಡ್ ದಾಟಿ ಬರತೊಡಗುತ್ತದೆ. ಆದ್ದರಿಂದ ಘಟಕಕ್ಕೆ ಹೋಗುವ ನೀರು, ಅದರಿಂದ ಹೊರಬರುವ ನೀರು ಎರಡನ್ನೂ ವರ್ಷಕ್ಕೆರಡು ಸಲ ಪರೀಕ್ಷೆಗೆ ಕಳಿಸುವಂತೆ ಪಿಡಿಒಗೆ ಬೇರೆಯೇ ಪತ್ರ ಬರೆದು, ಅದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.